ಕೆಮ್ಮುವ ಮಗುವಿನ ಲೋಟ

ಗೋಣಿಬೀಡು
14 ಜುಲೈ 2024

ಚಿ. ಸೌ. ಧನ್ಯಾಳಿಗೆ ನಿನ್ನ ಮಾವ ಚನ್ನಕೇಶವನ ಆಶೀರ್ವಾದಗಳು.

ನೀನು ಕೃತಿಕಾಳನ್ನು ಕರೆದುಕೊಂಡು ಚಿಕ್ಕಮಗಳೂರಿನ ತವರಿಗೆ ಹೋಗಿ ಮೂರು ವಾರವಾಯಿತು. ಫೋನ್ ಮಾಡಿದರೆ ‘ಹೂಂ ಮಾವ, ಸರಿ ಮಾವ’ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲಾಗುವುದಿಲ್ಲವಲ್ಲ. ಹರಿದು ಹಾಕಬಹುದು, ಅದು ನಿನ್ನಿಷ್ಟ.

ಇಲ್ಲಿ ಅಡುಗೆ ದಿಲೀಪನದು. ನನ್ನ ಮಗ ಎಸ್ಟೇಟ್ ಚೆನ್ನಾಗಿ ನೋಡಿಕೊಳ್ಳುತ್ತಾನೆ, ಒಪ್ಪುತ್ತೇನೆ. ಆದರೆ ಅವನು ಮಾಡಿದ ಸಾರನ್ನು ನಾಯಿ ಕೂಡ ಮೂಸಿ ನೋಡಿ ದೂರ ಹೋಗಿ ಮಲಗುತ್ತದೆ. ಹೆಂಡತಿ ಯಾಕೆ ಹೋದಳು ಅಂತ ಕೇಳಿದರೆ ‘ಪಾಪು ಟ್ರೀಟ್‌ಮೆಂಟಿಗೆ ಅಲ್ಲೇ ಅನುಕೂಲ’ ಎನ್ನುತ್ತಾನೆ. ಅವನು ಅದನ್ನು ನಂಬಿದ್ದಾನೆ. ನಾನೂ ನಂಬಿದ್ದೇನೆ ಅಂತಿಟ್ಟುಕೋ.

ಕೃತಿಕಾಳ ಕೆಮ್ಮು ಹೇಗಿದೆ? ಮಳೆ ಹಿಡಿದರೆ ಮೂಗು ಸೋರುವುದು, ಆಮೇಲೆ ಜ್ವರ, ಆಮೇಲೆ ಎದೆಯಲ್ಲಿ ಕಫ. ಮೂರು ವರ್ಷದವಳಿದ್ದಾಗಿನಿಂದ ಇದೇ ಆಯಿತು, ಈಗ ಎಂಟು. ದಿಲೀಪನ ಕೈಯಲ್ಲಿ ಜೇನುತುಪ್ಪ, ಕಾಳುಮೆಣಸು ಕಳಿಸಿದ್ದೇನೆ. ದೊಡ್ಡಪತ್ರೆ ಅಲ್ಲೂ ಸಿಗುತ್ತದೆ. ರಕ್ತಪರೀಕ್ಷೆಯ ಫಲಿತಾಂಶ ಬಂತಾ? ಡಾಕ್ಟರಮ್ಮ ಏನೆಂದರು? ಇದನ್ನು ಮಾತ್ರ ಬಿಡಿಸಿ ಬರೆ.

ಪೇಟೆಗೆ ಹೋದರೆ ‘ಸೊಸೆ ಯಾವಾಗ ಬರ್ತಾರೆ’ ಅಂತ ಕೇಳದವರಿಲ್ಲ. ನನ್ನಿಂದ ಏನಾದರೂ ತಪ್ಪಾಗಿದ್ದರೆ ಹೇಳು. ಆಗಿಲ್ಲ ಅಂತ ನನ್ನ ತಿಳಿವಳಿಕೆ.

ಇಂತಿ ನಿನ್ನ ಮಾವ
ಚನ್ನಕೇಶವ

*

ಚಿಕ್ಕಮಗಳೂರು
22 ಜುಲೈ 2024

ಪೂಜ್ಯ ಮಾವನವರಿಗೆ ಧನ್ಯಾಳ ನಮಸ್ಕಾರಗಳು.

ಬಿಡಿಸಿ ಬರೆ ಎಂದಿದ್ದೀರಿ, ಬರೆಯುತ್ತೇನೆ.

ಕೃತಿಕಾಳಿಗೆ ಇರುವುದು ಅಲರ್ಜಿ. ದೂಳು, ಬೂಷ್ಟು ಆಗುವುದಿಲ್ಲ. ಡಾಕ್ಟರ್ ರಶ್ಮಿ ನನ್ನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಅವಳ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಕಣಗಳು ಕಡಿಮೆಯೇನೂ ಇಲ್ಲವಂತೆ. ಆದರೆ ಅವು ದೂಳನ್ನು ಕಂಡರೆ ಶತ್ರು ಬಂದ ಎಂದು ಎದ್ದು ನಿಲ್ಲುತ್ತವೆ. ಮೂಗು, ಗಂಟಲಿನ ಒಳಪದರ ಸದಾ ಊದಿಕೊಂಡಿರುತ್ತದೆ. ಅಂಥ ಕಡೆ ನೆಗಡಿಯ ವೈರಸ್ಸು ಸುಲಭವಾಗಿ ನೆಲೆಯೂರುತ್ತದೆ. ಅದಕ್ಕೇ ಒಂದು ಜ್ವರ ಬಿಟ್ಟು ಇನ್ನೊಂದು ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಥಂಡಿ ತಟ್ಟದಿರಲಿ ಎಂದು ನೀವು ಅವಳ ಹಾಸಿಗೆಯ ಕೆಳಗೆ ಕಾಫಿಯ ಗೋಣಿತಾಟು ಹಾಸುತ್ತಿದ್ದಿರಲ್ಲ, ಅದನ್ನು ಕೇಳಿ ಡಾಕ್ಟರ್ ಹಣೆ ಹಣೆ ಚಚ್ಚಿಕೊಂಡರು. ಈಗ ಮೂಗಿಗೆ ಸ್ಪ್ರೇ, ಎದೆಗೆ ಇನ್ಹೇಲರ್ ಕೊಟ್ಟಿದ್ದಾರೆ. ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಜ್ವರ ಬಂದಿಲ್ಲ.

ಎರಡು ಸಲ ನ್ಯುಮೋನಿಯಾ ಆಗಿತ್ತಲ್ಲ, ಹುಟ್ಟಿನಿಂದಲೇ ನಿರೋಧಕ ಶಕ್ತಿಯ ಕೊರತೆ ಏನಾದರೂ ಇದೆಯೇ ಎಂದು ನೋಡಲು ಸಿಡಿ4, ಸಿಡಿ8 ಎಂಬ ಕಣಗಳ ಲೆಕ್ಕ ತೆಗೆಸಿದ್ದರು. ಅದು ಸರಿಯಾಗಿದೆ. ಎಚ್‌ಐವಿಯನ್ನೂ ನೋಡಿದ್ದರು. ಇಲ್ಲ.

ಆ ಕೊನೆಯ ಎರಡು ವಾಕ್ಯ ನಿಮಗಾಗಿ ಬರೆದದ್ದು, ಮಾವ.

ಪರೀಕ್ಷೆಗೆ ರಕ್ತ ಕೊಟ್ಟು ಬಂದ ಮೂರನೆಯ ದಿನ ತೋಟದ ಕೆಲಸದ ಯಲ್ಲಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಕರೆದಳು. ಕೈಯಲ್ಲಿ ಕೃತಿಕಾಳ ಹಾಲಿನ ಲೋಟ. ‘ಅಮ್ಮಾ, ಪಾಪುದು ಲೋಟ ನಮ್ಮ್ ಲೋಟದ್ ಜೊತೆ ಬಂದ್ಬಿಟ್ಟೈತೆ’ ಎಂದಳು. ತೊಳೆದು ತಂದಿದ್ದಳು. ಆಳುಗಳ ಲೋಟ ಇಡುವ ಕಟ್ಟೆಯ ಮೇಲೆ ನನ್ನ ಮಗಳ ಲೋಟ ಹೋಗಿತ್ತು. ಅವಳ ಸೋಪು ಬೇರೆ ಡಬ್ಬಿಗೆ ಹೋಗಿತ್ತು. ಅವಳು ನಿಮ್ಮ ತಟ್ಟೆಯಿಂದ ದೋಸೆ ಮುರಿಯಲು ಬಂದಾಗ ನೀವು ತಟ್ಟೆ ಎತ್ತಿಕೊಂಡು ಎದ್ದುಹೋದಿರಿ. ‘ಅಜ್ಜಂಗೆ ನನ್ ಮೇಲೆ ಕೋಪನಾ?’ ಎಂದು ಆ ದಿನ ಕೇಳಿದವಳು ಇವತ್ತಿಗೂ ಕೇಳುತ್ತಿದ್ದಾಳೆ.

ತಪ್ಪು ಆಗಿಲ್ಲ ಎಂದು ಬರೆದಿದ್ದೀರಿ. ಹಾಗಾದರೆ ಅದು ಏನು?

ನಮಸ್ಕಾರಗಳೊಂದಿಗೆ
ಧನ್ಯಾ

*

ಗೋಣಿಬೀಡು
5 ಆಗಸ್ಟ್ 2024

ಚಿ. ಸೌ. ಧನ್ಯಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೇಸ್ತ್ರಿಯನ್ನು ಬೈದೆ, ದಿಲೀಪನನ್ನು ಬೈದೆ, ಪೋಸ್ಟ್‌ಮ್ಯಾನನನ್ನೂ ಸುಮ್ಮನೆ ಬೈದೆ. ಯಾರನ್ನು ಬೈಯಬೇಕಿತ್ತೋ ಅವನೊಬ್ಬನನ್ನು ಬಿಟ್ಟು ಊರನ್ನೆಲ್ಲ ಬೈದದ್ದಾಯಿತು.

ಹೇಗಾಯಿತು ಅಂತ ಹೇಳುತ್ತೇನೆ, ಕೇಳು. ನಾನು ಪಂಚಾಯಿತಿ ಅಧ್ಯಕ್ಷನಾಗಿದ್ದಾಗ ಇಲ್ಲಿ ಏಡ್ಸ್ ಜಾಗೃತಿ ಕಾರ್ಯಕ್ರಮ ನಡೆಸಿದ್ದೆವು. ನೀನಿನ್ನೂ ಈ ಮನೆಗೆ ಬಂದಿರಲಿಲ್ಲ. ಆ ಕಾಯಿಲೆ ಇದ್ದ ಹಾಲೇಶ್ ಎಂಬವರು ಧೈರ್ಯವಾಗಿ ವೇದಿಕೆಗೆ ಬಂದು ಮಾತನಾಡಿದರು. ಅವರು ಕುಡಿದು ಉಳಿಸಿದ ನೀರನ್ನು ಅದೇ ಲೋಟದಲ್ಲಿ ನಾನು ಕುಡಿದು ತೋರಿಸಿದೆ. ‘ಎಂಜಲಿನಿಂದ ಬರುವುದಿಲ್ಲ, ಮುಟ್ಟಿದರೆ ಬರುವುದಿಲ್ಲ’ ಎಂದು ಮೈಕಿನಲ್ಲಿ ಕೂಗಿದೆ. ಜನ ಚಪ್ಪಾಳೆ ತಟ್ಟಿದರು. ಸಿಡಿ4 ಎಂಬ ಹೆಸರು ಕಲಿತದ್ದು ಆಗಲೇ. ಆ ಕಾಯಿಲೆ ಇದ್ದವರಿಗೆ ಅದನ್ನು ಎಣಿಸುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಬೇರೆಯವರಿಗೂ ಎಣಿಸಬಹುದು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನೀನು ಜಗಲಿಯಲ್ಲಿ ನಿಂತು ನಿನ್ನ ಅಮ್ಮನಿಗೆ ಫೋನಿನಲ್ಲಿ ‘ಪಾಪುದು ಸಿಡಿ4 ನೋಡ್ಬೇಕಂತೆ’ ಎಂದೆ. ಇದು ಅದೇ ಕಾಯಿಲೆ ಅಂದುಕೊಂಡುಬಿಟ್ಟೆ. ಮಗುವಿಗೆ ಇದ್ದರೆ ತಾಯಿಯಿಂದ ಬಂದಿರಬೇಕು, ತಾಯಿಗೆ ಎಲ್ಲಿಂದ, ನನ್ನ ಮಗನಿಂದಲೋ ಬೇರೆ ಯಾರಿಂದಲೋ? ಇದನ್ನು ಸೊಸೆಯ ಮುಂದೆ ಬಾಯಿಬಿಟ್ಟು ಕೇಳುವುದು ಹೇಗೆ? ಬಾಯಲ್ಲಿ ಕೇಳದೆ ಕೈಗೆ ತೋಚಿದ್ದನ್ನು ಮಾಡಿದೆ. ಎಂಜಲಿನಿಂದ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಧನ್ಯಾ. ಊರಿಗೆಲ್ಲ ಹೇಳಿದವನೇ ನಾನು. ಗೊತ್ತಿದ್ದೂ ಮಗುವಿನ ಲೋಟ ಎತ್ತಿ ಹಿತ್ತಿಲಲ್ಲಿಟ್ಟೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅನ್ನುತ್ತಾರಲ್ಲ, ಆ ಗಾದೆಗೆ ನನ್ನ ಫೋಟೋ ಹಾಕಬಹುದು.

ಗೋಣಿತಾಟುಗಳನ್ನೆಲ್ಲ ಗೋಡೌನಿಗೆ ಹಾಕಿಸಿದೆ. ಮಗುವಿನ ಕೋಣೆಗೆ ಸುಣ್ಣ ಹೊಡೆಸಿದೆ. ಗೋಡೆಯ ಬೂಷ್ಟು ಹೋಗಿದೆ.

ಒಂದೇ ಬೇಡಿಕೆ. ದಿಲೀಪನಿಗೆ ಇದು ಗೊತ್ತಾಗುವುದು ಬೇಡ. ಅಪ್ಪ ತನ್ನ ಬಗ್ಗೆ ಹೀಗೆ ಅಂದುಕೊಂಡಿದ್ದ ಎಂದು ತಿಳಿದರೆ ಅವನ ಮುಖ ನೋಡುವುದು ನನಗಾಗದು. ಮನೆಯ ಮಾತು ನಮ್ಮಿಬ್ಬರಲ್ಲೇ ಇರಲಿ. ನೀನು ಮಗುವನ್ನು ಕರೆದುಕೊಂಡು ಬಂದುಬಿಡು.

ನಿನ್ನ ಮಾವ
ಚನ್ನಕೇಶವ

*

ಚಿಕ್ಕಮಗಳೂರು
21 ಆಗಸ್ಟ್ 2024

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಅತ್ತುಬಿಟ್ಟೆ. ನಿಮ್ಮ ಮೇಲಿನ ಸಿಟ್ಟು ಸ್ವಲ್ಪ ಇಳಿಯಿತು ಕೂಡ. ಆದರೆ ‘ನಮ್ಮಿಬ್ಬರಲ್ಲೇ ಇರಲಿ’ ಎಂದಿರಲ್ಲ, ಅಲ್ಲಿಗೆ ಮತ್ತೆ ಏರಿತು.

ಆ ಲೋಟ ಕಂಡ ದಿನ ನಿಮ್ಮ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಾಗಿಹೋಯಿತು. ಫಲಿತಾಂಶ ಬರಲು ಇನ್ನೂ ದಿನವಿತ್ತು. ನೀವು ತಿಳಿದವರು, ನೀವೇ ಹೀಗೆ ಅಂದುಕೊಂಡಿದ್ದರೆ ಇರಬಹುದೇನೋ ಎಂಬ ಭಯ ಹತ್ತಿತು. ದಿಲೀಪ್ ಸ್ನಾನಕ್ಕೆ ಹೋದಾಗ ಅವರ ಫೋನ್ ತೆಗೆದು ನೋಡಿದೆ. ಕಾಫಿಯ ರೇಟು, ಪಂಪ್‌ಸೆಟ್ ರಿಪೇರಿ, ಮಗಳ ಫೋಟೋ, ಅಷ್ಟೇ ಇತ್ತು. ಆದರೂ ಮೂಡಿಗೆರೆಗೆ ಹೋಗಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ನನ್ನ ರಕ್ತ ಪರೀಕ್ಷೆಗೆ ಕೊಟ್ಟೆ. ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಗುರುತಿನವರು ಯಾರೂ ಬರದಿರಲಿ ಎಂದು ದೇವರನ್ನು ಬೇಡಿದೆನೇ ಹೊರತು, ಮಗಳಿಗೆ ಏನೂ ಇಲ್ಲದಿರಲಿ ಎಂದು ಬೇಡಲು ಮರೆತಿದ್ದೆ. ಅದನ್ನು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

ಇನ್ನೊಂದು ನಾಚಿಕೆಯೂ ಇದೆ. ಒಂಬತ್ತು ವರ್ಷ ಆ ಕಟ್ಟೆಯ ಮೇಲಿನ ಲೋಟಗಳಿಗೆ ನಾನೇ ಮೇಲಿನಿಂದ ಟೀ ಹುಯ್ದಿದ್ದೇನೆ. ಅದು ಏನು ಎಂದು ಕಂಡದ್ದು ನನ್ನ ಮಗಳ ಲೋಟ ಅಲ್ಲಿಗೆ ಹೋದ ಮೇಲೆ. ‘ಜೊತೆ ಬಂದ್ಬಿಟ್ಟೈತೆ’ ಎಂದು ಯಲ್ಲಮ್ಮ ಎಷ್ಟು ಸಂಕೋಚದಿಂದ ಹೇಳಿದಳು ಗೊತ್ತೇ? ತಪ್ಪು ಅವಳದೇ ಎಂಬಂತೆ.

ಈಗ ಮುಖ್ಯ ಮಾತು. ಈ ಮಾತು ಈಗ ನಮ್ಮಿಬ್ಬರಲ್ಲೇ ಉಳಿದಿಲ್ಲ. ಹೋದ ವಾರ ಕಳಸದಲ್ಲಿ ನಿಮ್ಮ ಅಕ್ಕ ತಿಮ್ಮಮ್ಮ ಅತ್ತೆಯವರ ಮೊಮ್ಮಗನ ನಾಮಕರಣಕ್ಕೆ ನಾವು ಮೂವರೂ ಹೋಗಿದ್ದೆವು. ಕೃತಿಕಾ ಮಗುವಿನ ಕೈ ಮುಟ್ಟಲು ಹೋದಳು. ನಿಮ್ಮ ಅಕ್ಕ ತೊಟ್ಟಿಲಿಗೆ ಅಡ್ಡ ನಿಂತು, ‘ಬೇಡ ಕಣೇ, ನಿಂಗೆ ಹುಷಾರಿಲ್ಲ’ ಎಂದರು. ಕೆಮ್ಮಿಗೆ ಹೇಳಿದರೇನೋ ಅಂದುಕೊಂಡೆ. ಊಟದಲ್ಲಿ ನಮ್ಮ ಪಕ್ಕದ ಎಲೆಗಳಿಗೆ ಯಾರೂ ಬಂದು ಕೂರಲಿಲ್ಲ. ದಿಲೀಪ್ ಬಡಿಸಲು ನಿಂತಿದ್ದರು, ಗಮನಿಸಲಿಲ್ಲ. ಕೃತಿಕಾ ಗಮನಿಸಿದಳು.

ನೀವು ಅಕ್ಕನಿಗೆ ಹೇಳಿದ್ದೀರಿ.

ಯಾರಿಗೆ ಹೇಳಿದಿರೋ ಅವರೆಲ್ಲರ ಎದುರು, ನಿಮ್ಮ ಬಾಯಿಂದಲೇ, ‘ನಾನು ತಪ್ಪು ತಿಳಿದಿದ್ದೆ’ ಎಂದು ಹೇಳಿ. ದಿಲೀಪನಿಗೂ ನೀವೇ ಹೇಳಿ. ಅಲ್ಲಿಯವರೆಗೆ ನನ್ನ ಮಗಳನ್ನು ಆ ಮನೆಗೆ ಕರೆತರುವುದಿಲ್ಲ.

ಧನ್ಯಾ

*

ಗೋಣಿಬೀಡು
29 ಸೆಪ್ಟೆಂಬರ್ 2024

ಚಿ. ಸೌ. ಧನ್ಯಾಳಿಗೆ ಆಶೀರ್ವಾದಗಳು.

ಅಕ್ಕನಿಗೆ ಹೇಳಿದ್ದು ನಿಜ. ಎದೆಭಾರ ತಡೆಯಲಾಗದೆ ಒಂದು ಸಂಜೆ ಫೋನಿನಲ್ಲಿ ಬಾಯಿಬಿಟ್ಟೆ. ಯಾರಿಗೂ ಹೇಳಬೇಡ ಅಂದಿದ್ದೆ. ಅವಳೂ ಎಲ್ಲರಿಗೂ ‘ಯಾರಿಗೂ ಹೇಳಬೇಡಿ’ ಅಂತಲೇ ಹೇಳಿರಬೇಕು.

ಈಗ ಸರಿ ಮಾಡಿದ್ದೇನೆ. ಮೊನ್ನೆ ಅವಳಿಗೆ ಫೋನ್ ಮಾಡಿ, ಇನ್ನು ಯಾವ ಭಯವೂ ಇಲ್ಲ, ಚಿಕ್ಕಮಗಳೂರಿನ ಡಾಕ್ಟರು ಒಳ್ಳೆಯ ಔಷಧಿ ಕೊಟ್ಟರು, ಮಗುವಿಗೆ ಪೂರ್ತಿ ಗುಣವಾಗಿದೆ ಅಂದೆ. ಅಕ್ಕನಿಗೆ ಸಂತೋಷವಾಯಿತು. ಹೊರನಾಡಿಗೆ ಹೋಗಿ ಹರಕೆ ತೀರಿಸುತ್ತೇನೆ ಎಂದಳು. ಯಾರ ಮನಸ್ಸಿಗೂ ನೋವಿಲ್ಲದೆ ಮುಗಿಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತ ಹಿರಿಯರು ಹೇಳಿದ್ದು ಇಂಥದಕ್ಕೇ.

ದಸರಾ ರಜೆಗೆ ಬರುತ್ತೀರಿ ತಾನೆ? ದಿಲೀಪನಿಗೆ ಹೇಳುವ ಅಗತ್ಯ ಇನ್ನು ಇಲ್ಲ ಎಂದುಕೊಂಡಿದ್ದೇನೆ.

ನಿನ್ನ ಮಾವ
ಚನ್ನಕೇಶವ

*

ಚಿಕ್ಕಮಗಳೂರು
4 ಅಕ್ಟೋಬರ್ 2024

ಮಾವ,

ಗುಣವಾಗಿದೆ ಎಂದಿರಾ? ಇರದಿದ್ದ ಕಾಯಿಲೆಯನ್ನು ಮೊದಲು ಅವಳ ತಲೆಗೆ ಕಟ್ಟಿದಿರಿ. ಈಗ ಅದು ಇದ್ದದ್ದೇ ನಿಜ ಎಂದು ನೀವೇ ಸಾಕ್ಷಿ ಹೇಳಿ ಬಂದಿದ್ದೀರಿ. ನಾಳೆ ಅವಳು ದೊಡ್ಡವಳಾದ ಮೇಲೂ ‘ಚಿಕ್ಕವಳಿದ್ದಾಗ ಆ ಹುಡುಗಿಗೆ ಅದು ಇತ್ತಂತೆ’ ಎನ್ನುತ್ತಾರೆ. ನಿಮ್ಮ ಕೋಲು ಮುರಿಯಲಿಲ್ಲ, ಸರಿ. ಯಾರ ಮೇಲೆ ಬಿತ್ತು ನೋಡಿದಿರಾ?

ದೂಳನ್ನು ಶತ್ರು ಎಂದು ತಿಳಿದು ತನ್ನ ಮೈಯನ್ನೇ ಊದಿಸಿಕೊಳ್ಳುವ ಕಾಯಿಲೆ ಅವಳೊಬ್ಬಳದೇ ಎಂದುಕೊಂಡಿದ್ದೆ. ಅಲ್ಲ, ನಮ್ಮ ಮನೆಯದು.

ರಜೆಗೆ ಬರುವುದಿಲ್ಲ. ಅವಳು ಇಲ್ಲಿನ ಶಾಲೆಯಲ್ಲೇ ಮುಂದುವರಿಯುತ್ತಾಳೆ. ಗೋಣಿಬೀಡಿನ ಶಾಲೆಯಿಂದ ಟಿ.ಸಿ. ತರಲು ದಿಲೀಪನಿಗೆ ಹೇಳುತ್ತೇನೆ. ಯಾಕೆ ಎಂದು ಅವರು ಕೇಳಿದರೆ ನಿಮ್ಮನ್ನು ಕೇಳಿ ಎನ್ನುತ್ತೇನೆ.

ಧನ್ಯಾ

*

ಗೋಣಿಬೀಡು
1 ಡಿಸೆಂಬರ್ 2024

ಚಿ. ಸೌ. ಧನ್ಯಾಳಿಗೆ,

ದಿಲೀಪನಿಗೆ ಹೇಳಿದೆ ಎಂಬುದು ನಿನಗೆ ಆಗಲೇ ಗೊತ್ತು. ಕಣದಲ್ಲಿ ಅವನು ಕಾಫಿ ಹರಡುತ್ತಿದ್ದ. ಅವನ ಬೆನ್ನಿಗೆ ಹೇಳಿದೆ, ಮುಖಕ್ಕೆ ಹೇಳುವ ಧೈರ್ಯ ಬರಲಿಲ್ಲ. ಕೇಳಿ ಮುಗಿಯುವವರೆಗೂ ಕೈ ನಿಲ್ಲಿಸಲಿಲ್ಲ. ಆಮೇಲೆ, ‘ಇಷ್ಟ್ ದಿನ ಅವ್ಳು ಒಬ್ಳೇ ಇದನ್ನ ಇಟ್ಕೊಂಡಿದ್ಲಾ?’ ಎಂದ. ಜೀಪು ತೆಗೆದುಕೊಂಡು ನಿನ್ನಲ್ಲಿಗೆ ಹೊರಟ. ವಾಪಸು ಬಂದ ಮೇಲೆ ಆಳು, ಗೊಬ್ಬರ, ಲಾರಿ, ಇಷ್ಟು ಬಿಟ್ಟು ನನ್ನೊಡನೆ ಬೇರೆ ಮಾತಿಲ್ಲ. ಎರಡು ಬೈದಿದ್ದರೆ ಹಗುರಾಗುತ್ತಿತ್ತು.

ಇನ್ನು ಕಳಸದ ಸಂಗತಿ. ಅಕ್ಕನ ಮಗ ಹೊಸ ಮನೆ ಕಟ್ಟಿಸಿದ್ದಾನಲ್ಲ, ಮೊನ್ನೆ ಅದರ ಗೃಹಪ್ರವೇಶ. ನೆಂಟರೆಲ್ಲ ಸೇರಿದ್ದರು. ಎಲೆಗೆ ಪಾಯಸ ಬರುವಾಗ ಎದ್ದು ನಿಂತೆ. ಭಾಷಣ ಮಾಡಿದ ಬಾಯಿ, ಆದರೂ ಎಲೆಯ ಕಡೆಗೇ ನೋಡಿಕೊಂಡು ಮಾತು ಶುರುಮಾಡಿದೆ. ‘ನನ್ನ ಮೊಮ್ಮಗಳಿಗೆ ಏಡ್ಸ್ ಇದೆ ಅಂತ ನಿಮಗೆಲ್ಲ ಗೊತ್ತಿದೆ. ಹೇಳಿದವನು ನಾನು. ಗುಣ ಆಯ್ತು ಅಂದವನೂ ನಾನು. ಎರಡೂ ಸುಳ್ಳು. ಅವಳಿಗೆ ಇರೋದು ಅಲರ್ಜಿ, ದೂಳಿಂದ ಬರೋ ಕೆಮ್ಮು. ನಮ್ಮ ಮನೇಲಿ ಅಂಥ ಕಾಯಿಲೆ ಯಾರಿಗೂ ಇಲ್ಲ, ಇರಲೂ ಇಲ್ಲ’ ಎಂದೆ.

ಬಡಿಸುವವರು ಸೌಟು ಹಿಡಿದು ನಿಂತುಬಿಟ್ಟರು. ಯಾರೋ, ‘ಕೂತ್ಕೊಳ್ಳಿ ಮಾರಾಯ್ರೆ, ಪಾಯಸ ಆರತ್ತೆ’ ಎಂದರು. ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಕೈ ತೊಳೆಯುವಲ್ಲಿ ಹಿಡಿದು ನಿಲ್ಲಿಸಿ, ‘ನನ್ ಮಗನ ಹೊಸ ಮನೇಲಿ ಆ ರೋಗದ ಹೆಸ್ರು ಎತ್ತಿದ್ಯಲ್ಲೋ, ನಿಂಗೆ ಬುದ್ಧಿ ನೆಟ್ಟಗಿದ್ಯಾ?’ ಎಂದಳು. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು. ತೊಟ್ಟಿಲಿಗೆ ಅಡ್ಡ ನಿಂತದ್ದು ಅವಳಿಗೂ ನೆನಪಿದೆ. ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತೆ.

ಆಳುಗಳ ಲೋಟಗಳನ್ನು ಒಳಗೆ ತಂದಿಟ್ಟೆವು. ಯಲ್ಲಮ್ಮನನ್ನು ಒಳಗೆ ಬಂದು ಕುಡಿ ಅಂದರೆ ನಗುತ್ತಾಳೆ, ಹೊರಗೇ ನಿಂತು ಕುಡಿಯುತ್ತಾಳೆ. ಒಂದೇ ದಿನಕ್ಕೆ ಹೋಗುವಂಥದಲ್ಲ ಅಂತ ಕಾಣುತ್ತದೆ.

ನೀನು ಹೇಳಿದ್ದನ್ನು ಮಾಡಿದ್ದೇನೆ. ಇನ್ನು ನೀನು ಹೇಳಿದಂತೆ.

ಚನ್ನಕೇಶವ

*

ಚಿಕ್ಕಮಗಳೂರು
10 ಡಿಸೆಂಬರ್ 2024

ಪೂಜ್ಯ ಮಾವನವರಿಗೆ ಧನ್ಯಾಳ ನಮಸ್ಕಾರಗಳು.

ಅಲ್ಲಿ ಎದ್ದು ನಿಲ್ಲುವುದು ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಗೊತ್ತು. ದಿಲೀಪನಿಗೆ ನಾನೂ ಎಲ್ಲ ಹೇಳಿದೆ, ಅವರ ಫೋನ್ ನೋಡಿದ್ದನ್ನೂ. ಅವರು ‘ಕೇಳಿದ್ರೆ ನಾನೇ ಕೊಡ್ತಿದ್ನಲ್ಲ’ ಎಂದರು. ನಿಮ್ಮೊಡನೆಯೂ ಮಾತಾಡುತ್ತಾರೆ, ಸ್ವಲ್ಪ ಸಮಯ ಕೊಡಿ.

ಸಂಕ್ರಾಂತಿಗೆ ಬರೋಣ ಎಂದು ತೀರ್ಮಾನಿಸಿ ಕೃತಿಕಾಳಿಗೆ ಹೇಳಿದೆ. ಕುಣಿಯುತ್ತಾಳೆ ಎಂದುಕೊಂಡಿದ್ದೆ, ಕುಣಿಯಲಿಲ್ಲ. ಗೃಹಪ್ರವೇಶದಲ್ಲಿ ಯಾರೋ ನಿಮ್ಮ ಮಾತನ್ನು ವಿಡಿಯೋ ಮಾಡಿ ನೆಂಟರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಅವಳು ನನ್ನ ಫೋನಿನಲ್ಲಿ ಅದನ್ನು ನೋಡಿಬಿಟ್ಟಿದ್ದಾಳೆ. ಏಡ್ಸ್ ಎಂದರೇನು ಎಂದು ಕೇಳಿದಳು. ಹೇಳಿದೆ. ಅದಕ್ಕೂ ಔಷಧಿ ಇದೆ, ಒಟ್ಟಿಗೆ ಉಂಡರೆ, ಆಡಿದರೆ ಬರುವುದಿಲ್ಲ ಎಂದೂ ಹೇಳಿದೆ. ಸ್ವಲ್ಪ ಹೊತ್ತು ಇನ್ಹೇಲರಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಾ ಕೂತಳು. ಆಮೇಲೆ ಕೇಳಿದಳು:

‘ನಂಗೆ ಅದು ಇದ್ದಿದ್ರೆ ಅಜ್ಜ ಏನ್ ಮಾಡ್ತಿದ್ರು?’

ನನ್ನ ಷರತ್ತಿನಲ್ಲಿ ಈ ಪ್ರಶ್ನೆ ಇರಲಿಲ್ಲ, ಮಾವ. ನನಗೂ ಹೊಳೆದಿರಲಿಲ್ಲ. ಇಲ್ಲ ಎಂದು ಎಲ್ಲರಿಗೂ ಗೊತ್ತಾದರೆ ಸಾಕು ಎಂದುಕೊಂಡಿದ್ದೆ. ನಿಮ್ಮ ಪರವಾಗಿ ನಾನು ಉತ್ತರ ಹೇಳಲಿಲ್ಲ. ನೀವೇ ಅವಳಿಗೆ ಬರೆಯಿರಿ.

ಧನ್ಯಾ

*

ಗೋಣಿಬೀಡು
16 ಡಿಸೆಂಬರ್ 2024

ನನ್ನ ಪುಟ್ಟಿ ಕೃತಿಕಾ,

ನಿನ್ನ ಪ್ರಶ್ನೆ ಅಮ್ಮನ ಕಾಗದದಲ್ಲಿ ಬಂತು. ಮೊದಲು ಒಂದು ಉತ್ತರ ಬರೆದೆ. ‘ಇದ್ದಿದ್ದರೂ ನಿನ್ನನ್ನು ಎತ್ತಿ ಮುದ್ದಾಡುತ್ತಿದ್ದೆ’ ಎಂದು ಬರೆದಿದ್ದೆ. ಓದಿ ನೋಡಿದರೆ ಭಾಷಣದ ಹಾಗಿತ್ತು. ಹರಿದು ಹಾಕಿದೆ.

ಇದ್ದಿದ್ದರೆ ಅಜ್ಜ ಏನು ಮಾಡುತ್ತಿದ್ದ ಎಂಬುದು ನಿನಗೆ ಗೊತ್ತು, ಮಗಾ. ನಿನಗೆ ಅದು ಇದೆ ಎಂದೇ ನಾನು ನಂಬಿದ್ದೆ. ನಂಬಿ ಏನು ಮಾಡಿದೆ ಎಂದು ನೀನು ಕಣ್ಣಾರೆ ನೋಡಿದ್ದೀಯ. ನಿಜವಾಗಿ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದೆ. ನಿನಗೆ ಮೈ ಸರಿಯಿಲ್ಲದೆ, ಭಯವಾಗಿ, ಅಜ್ಜ ಬೇಕು ಅನ್ನಿಸುತ್ತಿದ್ದ ಹೊತ್ತಿನಲ್ಲೇ ಮಾಡುತ್ತಿದ್ದೆ. ನಿನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಪ್ರೀತಿ ಇಟ್ಟುಕೊಂಡೇ ಮಾಡಿದೆ. ಅದಕ್ಕೇ ನನಗೆ ಇಷ್ಟು ನಾಚಿಕೆ.

ಕಳಸದಲ್ಲಿ ‘ನಮ್ಮ ಮನೇಲಿ ಅಂಥ ಕಾಯಿಲೆ ಇಲ್ಲ’ ಎಂದು ಹೆಮ್ಮೆಯಿಂದ ಹೇಳಿದೆನಲ್ಲ, ಅದೂ ತಪ್ಪು. ಆ ಪಂಕ್ತಿಯಲ್ಲಿ ಆ ಕಾಯಿಲೆ ಇದ್ದವರು ಯಾರಾದರೂ ಕೂತಿದ್ದರೆ ಅವರಿಗೆ ಆ ಊಟ ಹೇಗೆ ಇಳಿಯಬೇಕು? ನಾನು ಯೋಚಿಸಲಿಲ್ಲ. ನೀನು ಯೋಚಿಸಿದೆ. ನಿನಗೆ ಎಂಟು ವರ್ಷ, ನನಗೆ ಎಷ್ಟೆಂದು ಬರೆಯಲೂ ಮುಜುಗರವಾಗುತ್ತದೆ.

ಸಂಕ್ರಾಂತಿಗೆ ಬರಲೇಬೇಕು ಎಂದು ನಾನು ಹೇಳುವುದಿಲ್ಲ. ಈ ಶನಿವಾರ ನಾನೇ ಬೆಳಗಿನ ಬಸ್ಸಿಗೆ ಚಿಕ್ಕಮಗಳೂರಿಗೆ ಬರುತ್ತೇನೆ. ನಿಮ್ಮ ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ನಿಂತಿರುತ್ತೇನೆ. ನೀನು ಮಾತನಾಡಿಸಬೇಕು ಎಂದೇನೂ ಇಲ್ಲ. ಗೆಳತಿಯರು ಯಾರು ಅದು ಎಂದು ಕೇಳಿದರೆ ಗೊತ್ತಿಲ್ಲ ಅನ್ನು. ನನಗೆ ಬೇಸರವಿಲ್ಲ.

ಇಲ್ಲ, ಬೇಸರವಾಗುತ್ತದೆ. ಆದರೂ ಹಾಗೆ ಅನ್ನಬೇಕು ಅನ್ನಿಸಿದರೆ ಅನ್ನು. ಮುಂದಿನ ಶನಿವಾರವೂ ಬರುತ್ತೇನೆ.

ನಿನ್ನ ಅಜ್ಜ